ಪಂದಿ ಕರಿ ಕಪ್ಪಾಗುವುದು ಬಾಣಲೆಯಲ್ಲಿ

ಕಳೆದ ಕೈಲ್ ಮುಹೂರ್ತಕ್ಕೆ, ಅಂದರೆ ನಮ್ಮ ಕೊಡಗಿನ ಆಯುಧ ಪೂಜೆಯ ಹಬ್ಬಕ್ಕೆ, ಊರಿಗೆ ಬಂದ ಮೊಮ್ಮಗಳು "ಅಜ್ಜಿ, ಈ ಸಲ ಪಂದಿ ಕರಿ ನಾನೇ ಮಾಡ್ತೀನಿ" ಎಂದಳು. ನಮ್ಮ ಕೊಡವರ ಹಂದಿ ಮಾಂಸದ ಸಾರು ಅದು. ಖುಷಿಯಾಯಿತು. ಅರ್ಧ ಗಂಟೆ ಬಿಟ್ಟು ಅಡುಗೆಮನೆಗೆ ಹೋಗಿ ನೋಡುತ್ತೇನೆ, ಟೊಮೆಟೊ ಹೆಚ್ಚಿಟ್ಟಿದ್ದಾಳೆ! ಮಾಂಸದ ಕೊಬ್ಬನ್ನೆಲ್ಲ ಕತ್ತರಿಸಿ ನಾಯಿಗೆ ಹಾಕಿದ್ದಾಳೆ. ಆವತ್ತು ನಾಯಿಗೆ ಹಬ್ಬ, ನಮಗೆ ಕೆಂಪು ಸಾರು.

ಪಂದಿ ಕರಿಗೆ ಟೊಮೆಟೊ ಬೇಡ, ತೆಂಗಿನಕಾಯಿಯೂ ಬೇಡ. ಕೊಬ್ಬು, ಚರ್ಮ, ಎಲುಬು ಮೂರೂ ಇರುವ ಮಾಂಸ ತನ್ನಿ. ಪಕ್ಕೆಲುಬು ಸಿಕ್ಕಿದರೆ ಬಿಡಬೇಡಿ. ಉಪ್ಪು, ಅರಿಶಿನ, ಖಾರದ ಪುಡಿ ಹಚ್ಚಿಡಿ. ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಹಸಿಮೆಣಸು ತರಿತರಿಯಾಗಿ ಜಜ್ಜಿ ಹಾಕಿ, ಮುಚ್ಚಿ ಬೇಯಿಸಿ. ಎಣ್ಣೆ ಸುರಿಯಬೇಡಿ, ಕೊಬ್ಬೇ ಕರಗಿ ಬೇಕಾದಷ್ಟು ಬಿಡುತ್ತದೆ. ನೀರು ಸೇರಿಸುವುದಾದರೆ ಬಿಸಿನೀರು. ಎಷ್ಟು ಅಂತ ಕೇಳಬೇಡಿ, ಪಾತ್ರೆಯೊಳಗೆ ಇಣುಕಿದರೆ ಗೊತ್ತಾಗುತ್ತದೆ. ಇಷ್ಟು ಎಲ್ಲರಿಗೂ ಬರುತ್ತದೆ.

ಈಗಿನವರಿಗೆ ಬರದೇ ಇರುವುದು ಮಸಾಲೆ ಹುರಿಯುವುದು. ಕೊತ್ತಂಬರಿ ಎರಡು ಹಿಡಿ, ಕರಿಮೆಣಸು ಧಾರಾಳ, ಜೀರಿಗೆ ಅದಕ್ಕಿಂತ ಕಡಿಮೆ, ಸಾಸಿವೆ ಸ್ವಲ್ಪ, ಮೆಂತ್ಯ ಹತ್ತು ಕಾಳು. ಎಲ್ಲ ಒಟ್ಟಿಗೆ ಸುರಿದು ಹುರಿಯುವುದು ಸೋಮಾರಿಗಳ ಕೆಲಸ. ಒಂದೊಂದನ್ನೂ ಬೇರೆ ಬೇರೆ, ಕಬ್ಬಿಣದ ಬಾಣಲೆಯಲ್ಲಿ, ಸಣ್ಣ ಉರಿಯಲ್ಲಿ ಹುರಿಯಬೇಕು. ಕೈ ನಿಲ್ಲಬಾರದು, ಫೋನ್ ಆಚೆ ಇರಲಿ. ಕೊತ್ತಂಬರಿ ಮೊದಲು ಹಸಿ ವಾಸನೆ ಬಿಡುತ್ತದೆ, ಆಮೇಲೆ ಸಾಂಬಾರ್ ಪುಡಿಯ ಘಮ. ಎಲ್ಲರೂ ಒಲೆ ಆರಿಸುವುದು ಇಲ್ಲೇ! ನಿಲ್ಲಿಸಬೇಡಿ, ಇನ್ನೂ ಹುರಿಯಿರಿ. ತೆಳ್ಳಗೆ ಹೊಗೆ ಏಳುತ್ತದೆ, ಕಾಳು ಹುರಿದ ಕಾಫಿ ಬೀಜದ ಬಣ್ಣಕ್ಕೆ ತಿರುಗುತ್ತದೆ. ನಮ್ಮತ್ತೆ ಮನೆಯ ಕಾಫಿಯನ್ನೂ ಅದೇ ಬಾಣಲೆಯಲ್ಲಿ ಹುರಿಯುತ್ತಿದ್ದರು. ನಾನು ಹೊಸ ಸೊಸೆ ಆಗಿದ್ದಾಗ ಒಂದು ಹುರಿದ ಕಾಫಿ ಬೀಜವನ್ನು ಒಲೆಯ ಪಕ್ಕ ಇಟ್ಟು, "ಇದರ ಬಣ್ಣ ಬರೋವರೆಗೆ ನನ್ನ ಕರೀಬೇಡ" ಅಂತ ಹೊರಗೆ ಹೋಗಿ ಕೂತಿದ್ದರು. ಮೂರು ಸಲ ಕರೆದೆ, ಮೂರು ಸಲವೂ ಬೈಸಿಕೊಂಡೆ. ಈಗಲೂ ನಾನು ಒಂದು ಬೀಜ ಪಕ್ಕದಲ್ಲಿ ಇಟ್ಟುಕೊಳ್ಳುತ್ತೇನೆ.

ಇನ್ನೊಂದು ಚೂರು ಬೇಕಿತ್ತೇನೋ ಅನ್ನಿಸುವಾಗಲೇ ಮೊರಕ್ಕೆ ಸುರಿದುಬಿಡಿ. ಬಾಣಲೆಯಲ್ಲೇ ಬಿಟ್ಟರೆ ಉರಿ ಆರಿಸಿದ ಮೇಲೂ ಹುರಿಯುತ್ತಲೇ ಇರುತ್ತದೆ. ಮೆಂತ್ಯ ಮಾತ್ರ ಕಂದು ಬಣ್ಣಕ್ಕೇ ಸಾಕು, ಕಪ್ಪಾದರೆ ಇಡೀ ಪಾತ್ರೆ ಕಹಿ. ಕರಿಮೆಣಸು ಕೊನೆಗೆ, ಕಿಟಕಿ ತೆರೆದಿಟ್ಟುಕೊಂಡು, ಇಲ್ಲದಿದ್ದರೆ ಮನೆಮಂದಿಯೆಲ್ಲ ಕೆಮ್ಮಬೇಕಾಗುತ್ತದೆ. ಪೂರ್ತಿ ಆರಿದ ಮೇಲೆ ಪುಡಿ ಮಾಡಿ. ಬಿಸಿ ಇರುವಾಗ ಮಿಕ್ಸಿಗೆ ಹಾಕಿದರೆ ಬೆವತು ಮುದ್ದೆಯಾಗುತ್ತದೆ.

ಬಾಣಲೆ ಅಂದಾಗ ನೆನಪಾಯಿತು. ಅದನ್ನು ಸೋಪು ನೀರಲ್ಲಿ ರಾತ್ರಿಯಿಡೀ ನೆನೆಸಿಡುವ ಮಹಾತಾಯಿಯರಿದ್ದಾರೆ, ಬೆಳಿಗ್ಗೆ ತುಕ್ಕು ನೋಡಿ ಅಳುತ್ತಾರೆ. ಬಿಸಿನೀರಲ್ಲಿ ತಿಕ್ಕಿ, ಒಲೆಯ ಮೇಲೆ ಒಣಗಿಸಿ, ಒಂದು ತೊಟ್ಟು ಎಣ್ಣೆ ಸವರಿಡಿ. ಅಷ್ಟೇ.

ಮಾಂಸ ಮೆತ್ತಗಾದ ಮೇಲೆ ಪುಡಿ ಹಾಕಿ, ಎಣ್ಣೆ ಮೇಲೆ ತೇಲುವವರೆಗೆ ಕುದಿಸಿ. ಕಾಚಂಪುಳಿ ಕೊನೆಗೆ. ಮಳೆಗಾಲದಲ್ಲಿ ಪಣಪುಳಿ ಹಣ್ಣನ್ನು ಬುಟ್ಟಿಯಲ್ಲಿಟ್ಟು, ತೊಟ್ಟಿಕ್ಕಿದ ರಸವನ್ನು ಕಪ್ಪಗಾಗುವವರೆಗೆ ಕುದಿಸಿ ಇಳಿಸಿದ ಹುಳಿ ಅದು. ಒಂದೊಂದು ಮನೆಯದಕ್ಕೆ ಒಂದೊಂದು ಹುಳಿ, ಆದ್ದರಿಂದ ಅರ್ಧ ಚಮಚ ಹಾಕಿ ರುಚಿ ನೋಡಿ, ಬೇಕಾದರೆ ಇನ್ನಷ್ಟು. ವಿನೆಗರ್ ಹಾಕುವವರು ದಯವಿಟ್ಟು ಬೇರೆ ಹೆಸರಿಟ್ಟುಕೊಳ್ಳಿ.

ಜೊತೆಗೆ ತಿನ್ನುವ ಕಡಂಬುಟ್ಟು, ಅಂದರೆ ಅಕ್ಕಿ ತರಿಯ ಉಂಡೆ, ಬಿಸಿ ಇರಲಿ. ಪಂದಿ ಕರಿ ಮಾತ್ರ ಮಾರನೇ ದಿನಕ್ಕೇ ಜಾಸ್ತಿ ರುಚಿ, ಉಳಿದರೆ. ಮೊಮ್ಮಗಳು ಹೊರಡುವಾಗ ಒಂದು ಗಾಜಿನ ಬಾಟಲಿ ಕಾಚಂಪುಳಿ ಕೊಟ್ಟು ಕಳಿಸಿದೆ, ಜೊತೆಗೆ ನಾಲ್ಕು ಹುರಿದ ಕಾಫಿ ಬೀಜ. ಅದೇಕೆ ಅಂತ ಕೇಳಿದಳು. ಮುಂದಿನ ಸಲ ಬಂದಾಗ ಒಲೆಯ ಮುಂದೆ ನಿಲ್ಲಿಸಿ ಹೇಳುತ್ತೇನೆ.