ಪತ್ರದಲ್ಲಿ ಬರೆಯದ ಕಾರಣ

ತಿಪಟೂರಿನ ಕೊಬ್ಬರಿ ವ್ಯಾಪಾರಿಯೊಬ್ಬರು ನನ್ನ ವಕೀಲಿ ಕಚೇರಿಗೆ ಬಂದಾಗ ತಂದದ್ದು ಒಂದೇ ಹಾಳೆ. ಬೆಂಕಿ ಬಿದ್ದ ಗೋದಾಮಿನ ಕ್ಲೇಮನ್ನು ತಿರಸ್ಕರಿಸಿ ವಿಮಾ ಕಂಪನಿ ಬರೆದ ಪತ್ರ. ಪಾಲಿಸಿ ಎಲ್ಲಿ ಅಂತ ಕೇಳಿದೆ. "ಅದು ಬ್ಯಾಂಕಲ್ಲೇ ಐತೆ ಸಾರ್, ನಮ್ಮ ಕೈಗೆ ಯಾವತ್ತೂ ಕೊಟ್ಟಿಲ್ಲ" ಅಂದರು. ಸಾಲದ ಜೊತೆ ಬ್ಯಾಂಕೇ ಮಾಡಿಸಿದ ಬೆಂಕಿ ವಿಮೆ. ವರ್ಷವರ್ಷ ಖಾತೆಯಿಂದ ಪ್ರೀಮಿಯಂ ಕಡಿತ. ನಮ್ಮ ಕಡೆ ಮುಕ್ಕಾಲು ಪಾಲು ವ್ಯಾಪಾರಿಗಳ ಕಥೆ ಇದೇ.

ನಡೆದದ್ದಿಷ್ಟು. ಬೆಂಕಿ ಹತ್ತಿದ್ದು ರಾತ್ರಿ. ಕೊಬ್ಬರಿ ಅಂದರೆ ಎಣ್ಣೆ, ಮೇಲೆ ಗೋಣಿಚೀಲ. ಅಗ್ನಿಶಾಮಕದವರು ಬಂದರೂ ಬೆಳಗಿನವರೆಗೆ ಉರಿಯಿತು. ವ್ಯಾಪಾರಿ ಬೆಳಗ್ಗೆಯೇ ಬ್ಯಾಂಕ್ ಮ್ಯಾನೇಜರರಿಗೆ ಹೇಳಿದರು. "ನಾವು ತಿಳಿಸ್ತೀವಿ ಬಿಡಿ" ಅಂದ ಮ್ಯಾನೇಜರರ ಕಾಗದ ವಿಮಾ ಕಂಪನಿಗೆ ಮುಟ್ಟಿದ್ದು 19ನೇ ದಿನ. ಪಾಲಿಸಿಯ ಷರತ್ತಿನ ಪ್ರಕಾರ ಕೂಡಲೇ ತಿಳಿಸಬೇಕು, 15 ದಿನದೊಳಗೆ ನಷ್ಟದ ವಿವರ ಲಿಖಿತವಾಗಿ ಕೊಡಬೇಕು. ತಡವಾಗಿದ್ದು ನಿಜ, ನಾನೂ ಅಲ್ಲಗಳೆಯಲಾರೆ.

ಆದರೂ ನಷ್ಟದ ಅಂದಾಜು ಮಾಡಲು ಕಂಪನಿ ಸರ್ವೇಯರ್‌ನನ್ನು ಕಳಿಸಿತು. ಆತ ಎರಡು ಸಲ ಬಂದ. ದಾಸ್ತಾನು ಪುಸ್ತಕ, ಜಿಎಸ್‌ಟಿ ರಿಟರ್ನು, ಎಪಿಎಂಸಿ ಬಿಲ್ಲು, ಅಗ್ನಿಶಾಮಕ ವರದಿ ಎಲ್ಲವನ್ನೂ ಕೇಳಿ ಪಡೆದ. ತಡ ಏಕಾಯಿತು ಅಂತ ಒಬ್ಬರೂ ಕೇಳಲಿಲ್ಲ. ಏಳು ತಿಂಗಳಾದ ಮೇಲೆ ಬಂದ ತಿರಸ್ಕಾರದ ಪತ್ರದಲ್ಲಿದ್ದದ್ದು ಒಂದೇ ಕಾರಣ: ದಾಸ್ತಾನು ಪುಸ್ತಕಕ್ಕೂ ಬ್ಯಾಂಕಿಗೆ ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟಿಗೂ ತಾಳೆಯಾಗುತ್ತಿಲ್ಲ.

ನಾನು ಮೊದಲು ಮಾಡಿದ್ದು ಆ ಪತ್ರ ಬಂದ ಲಕೋಟೆಯನ್ನೂ ಹುಡುಕಿಸಿ ತರಿಸಿದ್ದು. ಗ್ರಾಹಕ ಆಯೋಗಕ್ಕೆ ಹೋಗಲು ಎರಡು ವರ್ಷದ ಗಡುವಿದೆ. ಪತ್ರ ಕೈಗೆ ಬಂದ ದಿನಕ್ಕೆ ಪುರಾವೆ ಇರಲಿ ಅಂತ. ಎರಡನೆಯದಾಗಿ ಸರ್ವೇ ವರದಿಯ ಪ್ರತಿ ಕೇಳಿದೆ. ಕೊಡಲು ಮೀನಮೇಷ ಎಣಿಸಿದರು. ಸರ್ಕಾರಿ ವಲಯದ ಕಂಪನಿಯಾದ್ದರಿಂದ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದೆ; ಬಂತು. ವರದಿಯಲ್ಲಿ ಸರ್ವೇಯರ್ ನಷ್ಟವನ್ನು 14 ಲಕ್ಷ ಚಿಲ್ಲರೆ ಅಂತ ಲೆಕ್ಕ ಹಾಕಿದ್ದ. ತಡದ ಬಗ್ಗೆ ಒಂದು ಸಾಲೂ ಇಲ್ಲ.

ತುಮಕೂರಿನ ಜಿಲ್ಲಾ ಆಯೋಗದಲ್ಲಿ ದೂರು ಹಾಕಿದೆ, ಬ್ಯಾಂಕನ್ನೂ ಎದುರುದಾರನಾಗಿ ಸೇರಿಸಿದೆ. ಕಂಪನಿಯ ವಕೀಲರು ತಕರಾರು ಸಲ್ಲಿಸಿದ್ದು 44ನೇ ದಿನ. ತಕರಾರು ಸಲ್ಲಿಸಲು ಇರುವ ಗಡುವು 30 ದಿನ, ಮೇಲೆ ಹೆಚ್ಚೆಂದರೆ 15 ದಿನ. ಅದು ದಾಟಿದರೆ ಆಯೋಗ ಒಂದು ದಿನವನ್ನೂ ಕೂಡಿಸಿ ಕೊಡುವಂತಿಲ್ಲ ಅಂತ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2020ರಲ್ಲಿ ಹೇಳಿದೆ. ಅದು ಕೂಡ ವಿಮಾ ಕಂಪನಿಗೂ ಒಂದು ಶೀತಲಗೃಹಕ್ಕೂ ನಡೆದ ವ್ಯಾಜ್ಯವೇ. ಇನ್ನೆರಡು ದಿನ ತಡಮಾಡಿದ್ದರೆ ಕಂಪನಿಯ ಬಾಯಿ ಅಲ್ಲೇ ಕಟ್ಟುತ್ತಿತ್ತು. ಅಷ್ಟು ಅದೃಷ್ಟ ನನಗಿರಲಿಲ್ಲ.

ತಕರಾರು ಓದಿದೆ. ಪತ್ರದಲ್ಲಿ ಒಂದಿದ್ದ ಕಾರಣ ಇಲ್ಲಿ ನಾಲ್ಕಾಗಿತ್ತು. 19 ದಿನ ತಡ. ಕೊಬ್ಬರಿ ತಾನಾಗಿಯೇ ಕಾವು ಏರಿ ಹೊತ್ತಿಕೊಂಡಿದೆ, ಅಂಥ ಬೆಂಕಿ ಪಾಲಿಸಿಯ ಹೊರಗೆ. ಗೋದಾಮಿನ ಸರ್ವೆ ನಂಬರು ಪಾಲಿಸಿಯಲ್ಲಿರುವುದಲ್ಲ. ಒಂದು ಬಿಳಿ ಹಾಳೆಯ ನಡುವೆ ಗೆರೆ ಎಳೆದು, ಎಡಕ್ಕೆ ಪತ್ರ ಹೇಳಿದ್ದು, ಬಲಕ್ಕೆ ತಕರಾರು ಹೇಳಿದ್ದು ಬರೆದೆ. ಎಡಗಡೆ ಬಹುತೇಕ ಖಾಲಿ. ಆ ಹಾಳೆಯನ್ನೇ ಲಿಖಿತ ವಾದದ ಮೊದಲ ಪುಟ ಮಾಡಿದೆ.

ಇದಕ್ಕೆ ಆಧಾರ ಗಲಾಡಾ ಪವರ್ ಪ್ರಕರಣ, 2016ರದ್ದು. ಅಲ್ಲೂ ತಡವಾಗಿ ತಿಳಿಸಲಾಗಿತ್ತು. ಕಂಪನಿ ಸರ್ವೇಯರ್ ಕಳಿಸಿತ್ತು, ತಿರಸ್ಕಾರದ ಪತ್ರದಲ್ಲಿ ತಡದ ಮಾತೆತ್ತಿರಲಿಲ್ಲ. ಹಾಗಾದರೆ ತಡದ ಕಾರಣ ಎತ್ತುವ ಹಕ್ಕನ್ನು ಕಂಪನಿ ಬಿಟ್ಟುಕೊಟ್ಟಂತೆ ಅಂತ ಸುಪ್ರೀಂ ಕೋರ್ಟ್ ಹೇಳಿತು. 2019ರ ಸೌರಾಷ್ಟ್ರ ಕೆಮಿಕಲ್ಸ್ ತೀರ್ಪು ಇದನ್ನೇ ಎತ್ತಿಹಿಡಿಯಿತು: ಪತ್ರದಲ್ಲಿ ಹೇಳದ ಕಾರಣವನ್ನು ಕಂಪನಿ ಆಮೇಲೆ ಗ್ರಾಹಕ ಆಯೋಗದ ಮುಂದೆ ತರುವಂತಿಲ್ಲ.

ಇದನ್ನು ಓದಿ ಯಾರೂ ಹಿಗ್ಗಬೇಡಿ. ಅದಕ್ಕೂ ಹಿಂದೆ ಇದೇ ಗಲಾಡಾ ಹಿಡಿದುಕೊಂಡು ನಾನು ಒಂದು ಕೇಸು ಸೋತಿದ್ದೆ. ಹಾರ್ಡ್‌ವೇರ್ ಅಂಗಡಿಗೆ ಮಳೆ ನೀರು ನುಗ್ಗಿದ್ದು, ಮಾಲೀಕರು ತಿಳಿಸಿದ್ದು ಎರಡು ತಿಂಗಳ ಮೇಲೆ. ಸರ್ವೇಯರ್ ಬಂದಿದ್ದನಲ್ಲ, ಅಷ್ಟೇ ಸಾಕು ಅಂದುಕೊಂಡಿದ್ದೆ. ಎದುರಿನ ವಕೀಲರು ಎದ್ದು ನಿಂತು 2018ರ ಸೊನೆಲ್ ಕ್ಲಾಕ್ಸ್ ತೀರ್ಪು ಇಟ್ಟರು: ಸರ್ವೇಯರ್ ಕಳಿಸಿದ ಮಾತ್ರಕ್ಕೆ ಹಕ್ಕು ಬಿಟ್ಟಂತಲ್ಲ; ತಡದ ಕಾರಣವನ್ನು ಪತ್ರದಲ್ಲೇ ಸ್ಪಷ್ಟವಾಗಿ ಬರೆದಿದ್ದರೆ ಅದು ಉಳಿಯುತ್ತದೆ. ನನ್ನ ಕಕ್ಷಿದಾರರಿಗೆ ಬಂದ ಪತ್ರದಲ್ಲಿ ಅದು ಒಂದನೇ ಕಾರಣವಾಗಿಯೇ ಇತ್ತು. ನಾನು ಸರ್ವೇಯರ್ ಬಂದದ್ದನ್ನು ನೋಡಿದ್ದೆ, ಪತ್ರವನ್ನು ಸರಿಯಾಗಿ ನೋಡಿರಲಿಲ್ಲ.

ಹಾಗಾಗಿ ಕೊಬ್ಬರಿ ಕೇಸಿನಲ್ಲಿ ಬರೀ ಹಕ್ಕು ಬಿಟ್ಟ ವಾದದ ಮೇಲೆ ಭಾರ ಹಾಕಲಿಲ್ಲ. ಪ್ರತಿ ಹೊಸ ಕಾರಣಕ್ಕೂ ಎರಡು ಉತ್ತರ ಇಟ್ಟೆ: ಒಂದು, ಇದನ್ನು ಈಗ ಎತ್ತುವಂತಿಲ್ಲ, ಎರಡು, ಎತ್ತಿದರೂ ನಿಲ್ಲುವುದಿಲ್ಲ. ತಾನಾಗಿ ಹೊತ್ತಿಕೊಂಡಿತು ಅನ್ನುವವರೇ ಅದನ್ನು ರುಜುವಾತು ಮಾಡಬೇಕು. ಇಲ್ಲಿ ವಿದ್ಯುತ್ ಪರಿವೀಕ್ಷಣಾಲಯದ ವರದಿ ವೈರಿಂಗ್ ಕಡೆ ಬೆರಳು ತೋರಿಸಿತ್ತು. ಶಾರ್ಟ್ ಸರ್ಕಿಟ್ ಅಂದರೆ ಪಾಲಿಸಿ ಕೈಬಿಡುವುದು ಸುಟ್ಟ ವಿದ್ಯುತ್ ಉಪಕರಣವನ್ನು. ಅಲ್ಲಿಂದ ಹಬ್ಬಿದ ಬೆಂಕಿಗೆ ಸಿಕ್ಕ ಮಾಲನ್ನಲ್ಲ.

ಸರ್ವೆ ನಂಬರಿನ ವಿಷಯಕ್ಕೆ ಬ್ಯಾಂಕಿನ ಕಡತವೇ ಕೈಹಿಡಿಯಿತು. ಹಿಂದಿನ ವರ್ಷ ನವೀಕರಣಕ್ಕೆ ಮುಂಚೆ ಕಂಪನಿಯ ಅಧಿಕಾರಿಯೇ ಗೋದಾಮಿಗೆ ಬಂದು ತೆಗೆದ ಫೋಟೋಗಳು ಅದರಲ್ಲಿದ್ದವು. ಟೆಕ್ಸ್‌ಕೋ ಮಾರ್ಕೆಟಿಂಗ್ ಪ್ರಕರಣದಲ್ಲಿ (2022) ನೆಲಮಾಳಿಗೆಯ ಅಂಗಡಿಗೆ ಬೆಂಕಿ ವಿಮೆ ಕೊಟ್ಟು, ನೆಲಮಾಳಿಗೆಗೆ ವಿಮೆ ಅನ್ವಯಿಸದು ಅನ್ನುವ ಷರತ್ತು ತೋರಿಸಿದ ಕಂಪನಿಯನ್ನು ಸುಪ್ರೀಂ ಕೋರ್ಟ್ ತರಾಟೆಗೆ ತೆಗೆದುಕೊಂಡಿತ್ತು. ಜಾಗ ಕಣ್ಣಾರೆ ನೋಡಿ ಪ್ರೀಮಿಯಂ ಎಣಿಸಿಕೊಂಡವರು ಬೆಂಕಿ ಬಿದ್ದ ಮೇಲೆ ಜಾಗ ಬೇರೆ ಅನ್ನಬಹುದೇ ಅಂತ ಕೇಳಿದೆ.

ಉಳಿದದ್ದು ಪತ್ರದಲ್ಲಿದ್ದ ಅಸಲಿ ಕಾರಣ, ದಾಸ್ತಾನಿನ ತಾಳೆ. ನಿಜವಾಗಿ ಬೆವರು ಸುರಿಸಿದ್ದು ಇದಕ್ಕೇ. ಬ್ಯಾಂಕಿನ ಲೆಕ್ಕ ತಿಂಗಳ ಕೊನೆಯದು, ಬೆಂಕಿ ಬಿದ್ದದ್ದು ತಿಂಗಳ ನಡುವೆ. ಮಧ್ಯದ ಖರೀದಿ, ಮಾರಾಟದ ಬಿಲ್ಲುಗಳನ್ನು ದಿನವಾರು ಜೋಡಿಸಿ ಕೂಡಿ ಕಳೆದಾಗ ವ್ಯತ್ಯಾಸ ಕರಗಿತು. ಈ ಕೆಲಸ ಮಾಡಿದ್ದು ನಾನಲ್ಲ, ಅವರ ಬಿಕಾಂ ಓದುತ್ತಿದ್ದ ಮಗಳು.

ಆದೇಶ ಬಂತು: ಸರ್ವೇಯರ್ ಲೆಕ್ಕದ ಮೊತ್ತ ಬಡ್ಡಿ ಸಹಿತ ಕೊಡಿ. ಅವರು ಕೇಳಿದ್ದು 22 ಲಕ್ಷ. ಮಾಲಿನ ಬೆಲೆಗಿಂತ ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದ್ದರಿಂದ ಸರ್ವೇಯರ್ ಆ ಪ್ರಮಾಣದಲ್ಲಿ ಕಡಿತ ಮಾಡಿದ್ದ, ಆಯೋಗ ಅದನ್ನು ಒಪ್ಪಿತು. ಯಜಮಾನರು ಆದೇಶದ ಪ್ರತಿಯನ್ನು ಎರಡು ಸಲ ತಿರುವಿ ಹಾಕಿ ಕೇಳಿದರು: "ಈ ಕಡಿತದ ವಿಷಯಾನೂ ಆ ಪತ್ರದಲ್ಲಿ ಬರ್ದಿರ್ಲಿಲ್ವಲ್ಲ ಸಾರ್?"

ಅದು ತಿರಸ್ಕರಿಸಲು ಕೊಟ್ಟ ಕಾರಣವಲ್ಲ, ಕೊಡಬೇಕಾದ್ದೆಷ್ಟು ಅನ್ನುವ ಲೆಕ್ಕ, ಎರಡೂ ಬೇರೆ ಅಂತ ಬಿಡಿಸಿ ಹೇಳಿದೆ. ತಲೆಯಾಡಿಸಿದರು. ಒಪ್ಪಿದ ಹಾಗೆ ಕಾಣಲಿಲ್ಲ.