ತಂತಿ ಬದಲಿಸದೆ, ಎಡಗೈಯಲ್ಲೇ

ನಾನು ಎಡಚ. ಮನೆಯಲ್ಲಿದ್ದದ್ದು ಅಣ್ಣನ ಗಿಟಾರ್, ಬಲಗೈಯವರದ್ದು. ಕ್ಲಾಸಿಗೆ ಸೇರಿದಾಗ ಮೇಷ್ಟ್ರು, 'ತಂತಿ ಉಲ್ಟಾ ಹಾಕಿಸು, ಇಲ್ಲಾಂದ್ರೆ ಬಲಗೈ ರೂಢಿ ಮಾಡ್ಕೋ' ಅಂದರು. ಅಣ್ಣನ ತಂತಿ ಮುಟ್ಟುವ ಹಾಗಿರಲಿಲ್ಲ. ಬಲಗೈ ತಾಳಕ್ಕೆ ಬರಲಿಲ್ಲ. ಎರಡೇ ತಿಂಗಳಿಗೆ ಬಿಟ್ಟೆ.

ಆಮೇಲೆ ಒಂದು ರಾತ್ರಿ ಅಮೆರಿಕದ ಜಾನಪದ ಗಿಟಾರ್ ವಾದಕಿ ಎಲಿಜಬೆತ್ ಕಾಟನ್ ಅವರ ಹಳೆಯ ವಿಡಿಯೊ ಕಣ್ಣಿಗೆ ಬಿತ್ತು. ಬಲಗೈಯವರ ಗಿಟಾರನ್ನೇ ತಿರುಗಿಸಿ ಹಿಡಿದಿದ್ದಾರೆ. ದಪ್ಪ ತಂತಿಗಳು ನೆಲದ ಕಡೆಗಿವೆ. ತೋರುಬೆರಳು ಬೇಸ್, ಅಂದರೆ ದಪ್ಪ ತಂತಿಗಳ ತಗ್ಗು ಸ್ವರ, ಮೀಟುತ್ತಿದೆ, ಹೆಬ್ಬೆರಳು ಹಾಡು ನುಡಿಸುತ್ತಿದೆ. ನಾನು ಎದ್ದು ಕೂತೆ.

ಅವರು 1893ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ, ಚಾಪೆಲ್ ಹಿಲ್ ಹತ್ತಿರ ಹುಟ್ಟಿದವರು. ಅಣ್ಣ ಮನೆಯಲ್ಲಿಲ್ಲದಾಗ ಅವನ ಬ್ಯಾಂಜೊ ಎತ್ತಿಕೊಂಡು ಕಲಿತರಂತೆ. ಹೇಳಿಕೊಡುವವರು ಯಾರೂ ಇರಲಿಲ್ಲ, ಹಾಗಾಗಿ 'ಹೀಗೆ ಹಿಡಿಯಬಾರದು' ಅನ್ನುವವರೂ ಇರಲಿಲ್ಲ. ಚಿಕ್ಕ ವಯಸ್ಸಿನಲ್ಲೇ ಮನೆಗೆಲಸ ಮಾಡಿ, ಕೂಡಿಟ್ಟ ದುಡ್ಡಿನಲ್ಲಿ 3.75 ಡಾಲರಿನ ಗಿಟಾರ್ ಕೊಂಡರು. ಅವರ ಹೆಸರಾಂತ ಹಾಡು 'ಫ್ರೈಟ್ ಟ್ರೈನ್' ಕಟ್ಟಿದ್ದು ಹುಡುಗಿಯಾಗಿದ್ದಾಗಲೇ. ಮದುವೆ, ಚರ್ಚು ಅಂತ ಆಗಿ ಗಿಟಾರ್ ಎಷ್ಟೋ ವರ್ಷ ದೂರವಾಯಿತು. ವಾಷಿಂಗ್ಟನ್ನಿನ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಗ, ದಾರಿ ತಪ್ಪಿದ ಮಗುವೊಂದನ್ನು ಅದರ ತಾಯಿಗೆ ಒಪ್ಪಿಸಿದರು. ಆ ಮಗುವೇ ಮುಂದೆ ಜಾನಪದ ಗಾಯಕಿಯಾದ ಪೆಗ್ಗಿ ಸೀಗರ್. ಪೆಗ್ಗಿಯದು ಸಂಗೀತಗಾರರ ಮನೆ. ಅಲ್ಲೇ ಕಾಟನ್ ಅವರಿಗೆ ಕೆಲಸ ಸಿಕ್ಕಿತು, ಗಿಟಾರ್ ಮತ್ತೆ ಕೈಗೆ ಬಂತು. ಪೆಗ್ಗಿಯ ಅಣ್ಣ ಮೈಕ್ ಧ್ವನಿಮುದ್ರಣ ಮಾಡಿಕೊಂಡರು. ಮೊದಲ ಆಲ್ಬಮ್ ಬಂದದ್ದು 1958ರಲ್ಲಿ. ಆಗ ಅವರಿಗೆ 65.

ನಾನು ಬೇಸ್‌ನಿಂದ ಶುರು ಮಾಡಿದೆ. ಎರಡು ವಾರ ಬೇರೇನೂ ಇಲ್ಲ. ಸಿ ಕಾರ್ಡ್ (ಕೆಲವು ತಂತಿ ಒಟ್ಟಿಗೆ ಒತ್ತಿ ಹಿಡಿಯುವ ಸ್ವರಗುಚ್ಛ) ಹಿಡಿದು, ಎಡಗೈಯ ತೋರುಬೆರಳಲ್ಲಿ ಐದನೇ ತಂತಿ, ನಾಲ್ಕನೇ ತಂತಿ (ಎಣಿಕೆ ಸಣ್ಣ ತಂತಿಯಿಂದ), ಮತ್ತೆ ಐದು, ನಾಲ್ಕು. ತಾಳ ಹಾಕುವ ಮೆಟ್ರೊನೋಮ್ ನಿಮಿಷಕ್ಕೆ 60 ಬಡಿತದಲ್ಲಿ. ಕಷ್ಟ ಇದ್ದದ್ದು ಕಾರ್ಡ್ ಹಿಡಿಯೋದರಲ್ಲಿ. ಗಿಟಾರ್ ತಿರುಗಿದರೆ ಎರಡನೇ ತಂತಿ ಮೇಲೆ ಹೋಗುತ್ತದೆ. ಅದನ್ನು ಒತ್ತಲು ಬಲಗೈಯ ತೋರುಬೆರಳು ಉಳಿದ ತಂತಿಗಳನ್ನು ದಾಟಿ ಚಾಚಬೇಕು. ದಾಟುವಾಗ ಅವಕ್ಕೆ ತಗುಲಿ ಎಲ್ಲವೂ ಮೂಕ. ಮಣಿಕಟ್ಟನ್ನು ಜಾಸ್ತಿ ಮುಂದಕ್ಕೆ ತಂದು, ಬೆರಳನ್ನು ಕಮಾನಿನ ಹಾಗೆ ಬಾಗಿಸಿದ ಮೇಲೆ ದನಿ ತೆರೆಯಿತು.

ಆಮೇಲೆ ಹೆಬ್ಬೆರಳು. ಮೊದಲು ಬೇಸ್‌ನ ಜೊತೆಜೊತೆಗೇ ಒಂದೊಂದು ಸ್ವರ. ಅದು ಕೂತ ಮೇಲೆ ಎರಡು ಬೇಸ್‌ಗಳ ನಡುವೆ. ನಡುವೆ ಬಿದ್ದಾಗ ಕುಣಿತ ಬರುತ್ತದೆ, ಅಲ್ವಾ, ರ್‍ಯಾಗ್‌ಟೈಮ್ ಅನ್ನೋ ಹಳೆಯ ಅಮೆರಿಕನ್ ಸಂಗೀತದ ಆ ಗುಂಗು! ಮೊದಲ ಸಲ ಅದು ಕೇಳಿಸಿದಾಗ ಕೈ ನಿಲ್ಲಿಸೋಕೇ ಮನಸ್ಸಾಗಲಿಲ್ಲ. ಹೆಬ್ಬೆರಳಿನ ಮಾಂಸಲ ತುದಿಯಲ್ಲಿ ಮೀಟಿದ್ದರಿಂದ ಸಣ್ಣ ತಂತಿಗೂ ಒಂದು ದುಂಡು ದನಿ ಬರುತ್ತದೆ. ಕಾಟನ್ ಅವರ ಹಾಡಿನ ಮೆದುತನ ಇಲ್ಲೇ ಇದೆ ಅನ್ನೋದು ನನ್ನ ನಂಬಿಕೆ. ಬಲಗೈಯವರು ಅದೇ ಸ್ವರಗಳನ್ನು ನುಡಿಸಿದರೂ ನನ್ನ ಕಿವಿಗೆ ಅದು ಬೇರೆ ಹಾಡು.

ಈಗ ಅಣ್ಣನ ಗಿಟಾರ್ ನನ್ನದೇ. ಹೊಸ ತಂತಿ ಹಾಕುವಾಗಲೂ ಬಲಗೈಯವರ ಸಾಲಿನಲ್ಲೇ ಹಾಕುತ್ತೇನೆ.