ಗೇನ್ ಇಳಿಸಿ, ರೇಡಿಯೊ ಕೇಳಿ

‘ಎಸ್‌ಡಿಆರ್ ತಂದಿದ್ದೇನೆ, ಬರೀ ಗೊರಗೊರ ಕೇಳುತ್ತಿದೆ, ಹಾಳಾಗಿರಬೇಕು.’ ಈ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಹೋಗಿ ನೋಡಿದರೆ ಸಾಧನ ಗಟ್ಟಿಮುಟ್ಟಾಗಿಯೇ ಇರುತ್ತದೆ. ಗೇನ್, ಅಂದರೆ ಬಂದ ಸಂಕೇತವನ್ನು ಹಿಗ್ಗಿಸುವ ಮಟ್ಟ, ತುತ್ತತುದಿಗೆ ಏರಿರುತ್ತದೆ, ಆಂಟೆನಾ ಚಾರ್ಜರ್ ಪಕ್ಕದಲ್ಲಿ ಮಲಗಿರುತ್ತದೆ.

ಎಸ್‌ಡಿಆರ್ ಎಂದರೆ ಸಾಫ್ಟ್‌ವೇರ್ ರೇಡಿಯೊ. ಸ್ಟೇಷನ್ ಬೇರ್ಪಡಿಸಿ ಅದರಿಂದ ಧ್ವನಿ ತೆಗೆಯುವ ಕೆಲಸವನ್ನು ಹಳೆಯ ರೇಡಿಯೊದಲ್ಲಿ ಸುರುಳಿ, ಕಂಡೆನ್ಸರುಗಳು ಮಾಡುತ್ತಿದ್ದವು. ಇಲ್ಲಿ ಮೊಬೈಲ್ ಅಥವಾ ಲ್ಯಾಪ್‌ಟಾಪ್ ಅದನ್ನು ಲೆಕ್ಕ ಹಾಕಿ ಮಾಡುತ್ತದೆ. ಜನ ಹೆಚ್ಚಾಗಿ ಕೊಳ್ಳುವ ಪೆನ್‌ಡ್ರೈವ್ ಗಾತ್ರದ ಡಾಂಗಲ್‌ನೊಳಗೆ ಇರುವುದು ಆರ್‌ಟಿಎಲ್2832ಯು ಎಂಬ ಚಿಪ್. ಕಂಪ್ಯೂಟರಿನಲ್ಲಿ ಡಿಜಿಟಲ್ ಟಿವಿ ನೋಡಲೆಂದು ಮಾಡಿದ್ದ ಈ ಚಿಪ್ಪನ್ನು 2012ರ ಹೊತ್ತಿಗೆ ಹವ್ಯಾಸಿಗಳು ರೇಡಿಯೊಗೆ ಒಗ್ಗಿಸಿದರು.

ಕೊಳ್ಳುವಾಗ ಲೋಹದ ಕವಚ ಇರುವುದನ್ನೇ ಕೊಳ್ಳಿ. ಆಂಟೆನಾ ಸಿಕ್ಕಿಸುವ ಕಡೆ ತಿರುಪಿನ ಎಸ್‌ಎಂಎ ಕನೆಕ್ಟರ್ ಇರಲಿ. ಅಗ್ಗದ ಪ್ಲಾಸ್ಟಿಕ್ ಡಾಂಗಲ್‌ಗಳ ಜತೆ ಗೇಣುದ್ದದ, ಅಡಿಯಲ್ಲಿ ಅಯಸ್ಕಾಂತವಿರುವ ಆಂಟೆನಾ ಬರುತ್ತದೆ. ಅದನ್ನು ಫ್ರಿಜ್ ಮೇಲೆ ಅಂಟಿಸಿ ಚೀಟಿ ಸಿಕ್ಕಿಸಲು ಬಳಸಬಹುದು, ರೇಡಿಯೊಗೆ ಬೇಡ. ನಾನಂತೂ ಎರಡು ತೋಳಿನ, ಎಳೆದು ಉದ್ದ ಮಾಡುವ ಡೈಪೋಲ್ ಬಿಟ್ಟು ಬೇರೆಯದನ್ನು ಹೇಳುವುದಿಲ್ಲ.

ಮೊಬೈಲಿನಲ್ಲಿ ಕೇಳುವುದಾದರೆ ಒಟಿಜಿ (ಯುಎಸ್‌ಬಿ ಸಾಧನವನ್ನು ಫೋನಿಗೇ ಸಿಕ್ಕಿಸುವ ಸೌಲಭ್ಯ) ಇರುವ ಆಂಡ್ರಾಯ್ಡ್ ಫೋನ್ ಬೇಕು. ಎಸ್‌ಡಿಆರ್ ಪ್ಲಸ್ ಪ್ಲಸ್ ಅಥವಾ ಎಸ್‌ಡಿಆರ್ ಟಚ್ ಎಂಬ ಆ್ಯಪ್ ಹಾಕಿಕೊಂಡರೆ ಆಯಿತು. ಡಾಂಗಲ್ ಫೋನಿನ ಬ್ಯಾಟರಿಯನ್ನೇ ಕುಡಿಯುತ್ತದೆ, ಬಿಸಿಯೂ ಆಗುತ್ತದೆ, ಅದಕ್ಕೆ ಗಾಬರಿಯಾಗಬೇಡಿ.

ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಒಂದೇ ಒಂದು ಹಳ್ಳವಿದೆ, ಬಹಳ ಜನ ಅದರಲ್ಲೇ ಬೀಳುತ್ತಾರೆ. ಡಾಂಗಲ್ ಸಿಕ್ಕಿಸಿದ ಕೂಡಲೇ ವಿಂಡೋಸ್ ಅದನ್ನು ಟಿವಿ ಸಾಧನವೆಂದುಕೊಂಡು ತನ್ನದೇ ಡ್ರೈವರ್ ಹಾಕಿಬಿಡಬಹುದು. ಅದನ್ನು ತೆಗೆದು ವಿನ್‌ಯುಎಸ್‌ಬಿ ಎಂಬ ಡ್ರೈವರ್ ಹಾಕಲು ಜಾಡಿಗ್ ಎಂಬ ಪುಟ್ಟ ತಂತ್ರಾಂಶ ಬೇಕು. ಜಾಡಿಗ್ ತೆರೆದು ಆಪ್ಷನ್ಸ್‌ನಲ್ಲಿ ‘ಲಿಸ್ಟ್ ಆಲ್ ಡಿವೈಸಸ್’ ಎಂಬುದಕ್ಕೆ ಗುರುತು ಹಾಕಿ, ಪಟ್ಟಿಯಲ್ಲಿ ‘ಬಲ್ಕ್-ಇನ್, ಇಂಟರ್‌ಫೇಸ್ (ಇಂಟರ್‌ಫೇಸ್ 0)’ ಆರಿಸಿ. ಅವಸರದಲ್ಲಿ ಅದೇ ಪಟ್ಟಿಯಲ್ಲಿರುವ ಮೌಸನ್ನು ಆರಿಸಿ ‘ರಿಪ್ಲೇಸ್’ ಒತ್ತಿದರೆ ರೇಡಿಯೊ ಇರಲಿ, ಮೌಸೂ ಕೈಕೊಡುತ್ತದೆ. ನನ್ನ ಸೋದರಳಿಯ ಹೀಗೆ ಮಾಡಿಕೊಂಡು ಇಡೀ ಸಂಜೆ ಬರೀ ಕೀಬೋರ್ಡಿನಲ್ಲಿ ಒದ್ದಾಡಿದ. ಡಾಂಗಲನ್ನು ಬೇರೆ ಯುಎಸ್‌ಬಿ ಕಿಂಡಿಗೆ ಹಾಕಿದರೆ ಇದನ್ನೆಲ್ಲ ಮತ್ತೊಮ್ಮೆ ಮಾಡಬೇಕಾಗಿ ಬರಬಹುದು. ಹಾಗಾಗಿ ಒಂದೇ ಕಿಂಡಿಗೆ ಅಂಟಿಕೊಳ್ಳುವುದು ಒಳ್ಳೆಯದು.

ಮೊದಲು ಎಫ್‌ಎಂ ಹಿಡಿಯಿರಿ. ಡೈಪೋಲ್‌ನ ಒಂದೊಂದು ತೋಳು ಎಷ್ಟು ಉದ್ದ ಇರಬೇಕೆಂದರೆ, 7500 ಅನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ, ಬಂದದ್ದು ಸೆಂಟಿಮೀಟರ್. ಬೆಂಗಳೂರಿನ 101.3ರ ಎಫ್‌ಎಂ ರೇನ್‌ಬೊಗೆ 74 ಸೆಂಟಿಮೀಟರ್ ಬರುತ್ತದೆ. ಕಿಟಕಿಯ ಹತ್ತಿರ ಇಟ್ಟು, ಒಮ್ಮೆ ನೆಟ್ಟಗೆ, ಒಮ್ಮೆ ಅಡ್ಡಕ್ಕೆ ಹಿಡಿದು ನೋಡಿ. ರೇಡಿಯೊ ತಂತ್ರಾಂಶದಲ್ಲಿ ಡಬ್ಲ್ಯುಎಫ್‌ಎಂ (ವೈಡ್ ಎಫ್‌ಎಂ) ಆರಿಸಿ, ಅಗಲ 200 ಕಿಲೋಹರ್ಟ್ಸ್ ಇಟ್ಟು, ಚಾಲೂ ಮಾಡಿ.

ಇನ್ನು ಗೇನ್. ಕೆಲಸ ಕೆಡುವುದೇ ಇಲ್ಲಿ. ಟಿವಿಯ ವಾಲ್ಯೂಮ್‌ನಂತೆ, ಜಾಸ್ತಿ ಮಾಡಿದಷ್ಟೂ ಚೆನ್ನಾಗಿ ಕೇಳುತ್ತದೆ ಎಂದು ಎಲ್ಲರೂ ತಿಳಿಯುತ್ತಾರೆ. ಇದು ವಾಲ್ಯೂಮ್ ಅಲ್ಲ, ಬಾಗಿಲು. ಪೂರ್ತಿ ತೆರೆದರೆ ಬೇಕಾದ ಸ್ಟೇಷನ್ ಜತೆ ಊರಿನ ಎಲ್ಲ ಸ್ಟೇಷನ್‌ಗಳೂ ಒಟ್ಟಿಗೆ ನುಗ್ಗುತ್ತವೆ. ಡಾಂಗಲ್ ಅಳೆಯುವುದು 8 ಬಿಟ್‌ನಲ್ಲಿ, ಅಂದರೆ 256 ಮೆಟ್ಟಿಲು ಮಾತ್ರ. ಅಷ್ಟು ಸಣ್ಣ ಕೊಳಗದಲ್ಲಿ ಹೊಳೆ ಹಿಡಿಯಲು ಹೋದರೆ ತುಳುಕದೆ ಇರುತ್ತದೆಯೇ?

ತುಳುಕಿದಾಗ ಏನಾಗುತ್ತದೆ ಎಂಬುದನ್ನು ನೆರೆಮನೆಯ ನಿವೃತ್ತ ಮೇಷ್ಟ್ರ ನೋಟ್‌ಬುಕ್ಕಿನಲ್ಲಿ ಕಂಡೆ. ಮೂರನೇ ಮಹಡಿಯ ಬಾಲ್ಕನಿಯಲ್ಲಿ ಕುಳಿತು ಅವರು ಸಿಕ್ಕ ಸ್ಟೇಷನ್‌ಗಳನ್ನೆಲ್ಲ ದುಂಡಗಿನ ಅಕ್ಷರದಲ್ಲಿ ಬರೆದಿದ್ದರು. ಅದರಲ್ಲಿ 99.7 ಕೂಡ ಇತ್ತು. ‘ಇಲ್ಲಿ ಎರಡು ಕಾರ್ಯಕ್ರಮ ಒಂದರ ಮೇಲೊಂದು ಬರುತ್ತವೆ ನೋಡಿ ಸಾರ್’ ಎಂದರು. ನೋಡಿದರೆ ಗೇನ್ 49.6 ಡೆಸಿಬಲ್, ಅದರ ತುತ್ತತುದಿ. 101.3ರ ಎರಡರಷ್ಟು 202.6, ಅದರಲ್ಲಿ ವಿವಿಧಭಾರತಿಯ 102.9 ಕಳೆಯಿರಿ, 99.7 ಉಳಿಯುತ್ತದೆ. ಅಲ್ಲಿ ಸ್ಟೇಷನ್ನೇ ಇರಲಿಲ್ಲ. ಎರಡು ಬಲವಾದ ಸಂಕೇತಗಳು ಡಾಂಗಲ್‌ನೊಳಗೆ ಕಲಸಿ ಹುಟ್ಟಿದ ದೆವ್ವ ಅದು. ಗೇನನ್ನು 20ರ ಆಸುಪಾಸಿಗೆ ಇಳಿಸಿದೆ. 99.7 ಮಾಯವಾಯಿತು, 101.3 ಎಂದಿನಂತೆ ಹಾಡುತ್ತಿತ್ತು. ಮೇಷ್ಟ್ರು ಮಾತಾಡದೆ ಪೆನ್ಸಿಲ್ ತೆಗೆದು ಪಟ್ಟಿಯಲ್ಲಿ ಗೆರೆ ಎಳೆಯತೊಡಗಿದರು.

ಮಾಡಬೇಕಾದದ್ದು ಇಷ್ಟು. ಎಜಿಸಿ (ಗೇನನ್ನು ತಾನೇ ಹೊಂದಿಸಿಕೊಳ್ಳುವ ವ್ಯವಸ್ಥೆ) ಎಂದಿರುವುದನ್ನೆಲ್ಲ ಆಫ್ ಮಾಡಿ. ಗೇನ್ ಸೊನ್ನೆಯಿಂದ ಶುರುಮಾಡಿ. ಪರದೆಯ ಕೆಳಗಡೆ ಹುಲ್ಲಿನಂತೆ ಅಲುಗಾಡುವ ಗೆರೆಯಿದೆಯಲ್ಲ, ಅದು ಗದ್ದಲದ ಮಟ್ಟ. ಒಂದೊಂದೇ ಮೆಟ್ಟಿಲು ಏರಿಸುತ್ತ ಹೋಗಿ. ಮೊದಮೊದಲು ಸ್ಟೇಷನ್ ಮಾತ್ರ ಮೇಲೇಳುತ್ತದೆ, ಹುಲ್ಲು ಇದ್ದಲ್ಲೇ ಇರುತ್ತದೆ. ಹುಲ್ಲೂ ಜತೆಗೆ ಏಳತೊಡಗಿದ ಜಾಗದಲ್ಲಿ ನಿಲ್ಲಿಸಿ, ಒಂದು ಮೆಟ್ಟಿಲು ಕೆಳಗಿಳಿಯಿರಿ. ಯಾವುದಾದರೂ ಸ್ಟೇಷನ್ ಮೇಲೆ ಅನುಮಾನ ಬಂದರೆ ಗೇನ್ ಸ್ವಲ್ಪ ಇಳಿಸಿ ನೋಡಿ: ನಿಜವಾದದ್ದು ಇಳಿಸಿದಷ್ಟೇ ಇಳಿಯುತ್ತದೆ, ದೆವ್ವ ಸುಮಾರು ಮೂರರಷ್ಟು ವೇಗವಾಗಿ ಕುಸಿಯುತ್ತದೆ.

ಪಿಪಿಎಂ, ಅಂದರೆ ಡಾಂಗಲ್‌ನ ಆವರ್ತನ ಹತ್ತು ಲಕ್ಷಕ್ಕೆ ಎಷ್ಟು ತಪ್ಪಿದೆ ಎಂಬುದನ್ನು, ಸರಿಪಡಿಸಿ ಎಂದು ಯಾರಾದರೂ ಗಂಟೆಗಟ್ಟಲೆ ಪಾಠ ಹೇಳಿದರೆ ನಗುತ್ತ ತಲೆಯಾಡಿಸಿ. 50 ಪಿಪಿಎಂ ತಪ್ಪಿದ್ದರೂ 100 ಮೆಗಾಹರ್ಟ್ಸ್‌ನಲ್ಲಿ ಆಗುವ ವ್ಯತ್ಯಾಸ 5 ಕಿಲೋಹರ್ಟ್ಸ್. ಎಫ್‌ಎಂ ಕೇಳುವವರಿಗೆ ಅದು ಲೆಕ್ಕಕ್ಕೇ ಇಲ್ಲ.

ಮಧ್ಯಮ ತರಂಗದ ಕಥೆಯೇ ಬೇರೆ. ಬೆಂಗಳೂರು 612, ಧಾರವಾಡ 765 ಕಿಲೋಹರ್ಟ್ಸ್. ಡಾಂಗಲ್‌ನ ಟ್ಯೂನರ್ ಸುಮಾರು 24 ಮೆಗಾಹರ್ಟ್ಸ್‌ಗಿಂತ ಕೆಳಗೆ ಇಳಿಯುವುದಿಲ್ಲ. ಲೋಹದ ಕವಚದ ‘ಆರ್‌ಟಿಎಲ್-ಎಸ್‌ಡಿಆರ್ ಬ್ಲಾಗ್’ ಡಾಂಗಲ್‌ನ ಮೂರನೇ ಆವೃತ್ತಿಯಲ್ಲಿ ಟ್ಯೂನರನ್ನು ಬದಿಗಿಟ್ಟು ನೇರವಾಗಿ ಹಿಡಿಯುವ ದಾರಿಯಿದೆ: ಸ್ಯಾಂಪ್ಲಿಂಗ್ ಮೋಡ್‌ನಲ್ಲಿ ‘ಡೈರೆಕ್ಟ್ ಸ್ಯಾಂಪ್ಲಿಂಗ್, ಕ್ಯೂ ಬ್ರಾಂಚ್’ ಆರಿಸಿ, ಎಎಂ ಒತ್ತಿ. ಈ ಸ್ಥಿತಿಯಲ್ಲಿ ಗೇನ್ ಗುಂಡಿ ಕೆಲಸವನ್ನೇ ಮಾಡುವುದಿಲ್ಲ. ಎಷ್ಟು ಎಳೆದರೂ ವ್ಯರ್ಥ. ಕಿರುತರಂಗಕ್ಕೆ ಹೋದರೆ 14.4 ಮೆಗಾಹರ್ಟ್ಸ್‌ನಲ್ಲಿ ಒಂದು ಕನ್ನಡಿ ನಿಂತಿರುತ್ತದೆ ಎಂಬುದು ನೆನಪಿರಲಿ. 11.6ರ ಸ್ಟೇಷನ್ 17.2ರಲ್ಲೂ ಕಾಣಿಸಿಕೊಳ್ಳುತ್ತದೆ. ಇದರ ಮುಂದಿನ ಆವೃತ್ತಿಯಲ್ಲಿ ಈ ಕಾಟವಿಲ್ಲ, ಆದರೆ ಅದಕ್ಕೆ ಹೊಸ ಡ್ರೈವರನ್ನೇ ಹಾಕಬೇಕು.

ಡೈಪೋಲ್ ಇಲ್ಲಿ ಉಪಯೋಗಕ್ಕೆ ಬಾರದು. ಹತ್ತು ಮೀಟರ್ ವೈರನ್ನು ತಾರಸಿಯಲ್ಲಿ ಬಟ್ಟೆ ಒಣಹಾಕುವ ಹಗ್ಗದ ಉದ್ದಕ್ಕೂ ಕಟ್ಟಿ, ಅದರ ತುದಿಯನ್ನು ಕನೆಕ್ಟರ್‌ನ ನಡುವಿನ ಸೂಜಿಗೆ ಜೋಡಿಸಿ. ಮನೆಯೊಳಗಿನ ಶತ್ರುಗಳೆಂದರೆ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಯುಪಿಎಸ್. ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ಓಡಿಸುತ್ತ ಒಂದೊಂದನ್ನೇ ಆಫ್ ಮಾಡಿ ಪರದೆ ನೋಡಿ. ಹುಲ್ಲು ಯಾವುದಕ್ಕೆ ದಬಕ್ಕನೆ ಕುಸಿಯಿತೋ ಅದೇ ಕಳ್ಳ. ನಮ್ಮ ಮನೆಯಲ್ಲಿ ಅದು ಬಚ್ಚಲುಮನೆಯ ಬಲ್ಬಾಗಿತ್ತು. ಕರೆಂಟ್ ಹೋದಾಗ ಯುಪಿಎಸ್ಸನ್ನೂ ಆರಿಸಿ ಕೂರುವುದು ನನಗೆ ಇಷ್ಟ. ಇಡೀ ಬೀದಿ ತೆಪ್ಪಗಾಗಿರುತ್ತದೆ, ಧಾರವಾಡ ಬೆಂಗಳೂರಿನಲ್ಲಿ ಪಕ್ಕದ ಓಣಿಯಿಂದ ಬಂದಂತೆ ಬರುತ್ತದೆ. ಆದರೆ ಕತ್ತಲಾದ ಮೇಲೆ ಮಾತ್ರ. ಹಗಲಿನಲ್ಲಿ ಕಾದು ಕುಳಿತರೆ ಪ್ರಯೋಜನವಿಲ್ಲ, ಅಷ್ಟು ದೂರದ ಮಧ್ಯಮ ತರಂಗ ಆಕಾಶದಿಂದ ಪುಟಿದು ಬರುವುದು ರಾತ್ರಿ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಮುಂಚೆ ತಾರಸಿಯ ವೈರನ್ನು ಕಿತ್ತು ಮನೆಯ ಹೊರಗೇ ಬಿಡಿ. ಮೋಡ ಕಟ್ಟಿದ ಮೇಲೆ ಹೋಗಿ ತೆಗೆದರಾಯಿತು ಎಂದುಕೊಳ್ಳಬೇಡಿ, ಸಂಜೆ ಕೇಳುವುದು ಮುಗಿದ ಕೂಡಲೇ ತೆಗೆದುಬಿಡಿ.